ಕೀರ್ತನ ಕಲಿಯುವ ಹುಡುಗರ ಕೈಗೂ ನಾಲ್ಕು ಕಾಸು ಸೇರಲಿ

ಇಂದಾಪುರ: ಪುಣೆ-ಸೋಲಾಪುರ ಹೆದ್ದಾರಿಯ ಬದಿಯಲ್ಲಿರುವ ಈ ತಾಲೂಕು ಕೇಂದ್ರಕ್ಕೆ ಪ್ರತಿವರ್ಷ ಆಷಾಢ ಏಕಾದಶಿಯ ಮುನ್ನ ದೇಹುವಿನಿಂದ ಹೊರಟ ಸಂತ ತುಕಾರಾಮರ ಪಾಲಖಿ ಆಗಮಿಸುತ್ತದೆ. ಇಲ್ಲಿ ನಡೆಯುವ ಗೋಲ ರಿಂಗಣದಲ್ಲಿ ಕುದುರೆ ಓಡುವುದನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ಕಿಕ್ಕಿರಿದು ಸೇರುತ್ತಾರೆ. ದಿಂಡಿಗಳಲ್ಲಿ ತಾಳ, ಪಖವಾಜ ಹಿಡಿದು ಪಂಢರಪುರದ ಹಾದಿಯಲ್ಲಿ ನಡೆಯುವವರಲ್ಲಿ ಮೀಸೆ ಮೂಡದ ಹುಡುಗರೂ ಇರುತ್ತಾರೆ. ಇಂಥವರಲ್ಲಿ ಕೆಲವರು ಕೀರ್ತನ, ಪ್ರವಚನಗಳನ್ನೇ ಶಾಸ್ತ್ರೋಕ್ತವಾಗಿ ಕಲಿಯುವ ವಿದ್ಯಾರ್ಥಿಗಳು. ಇವರ ಊಟ, ಪುಸ್ತಕ, ಬಸ್ ಚಾರ್ಜಿನ ಖರ್ಚು ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಎಷ್ಟು ಮಂದಿಗೆ ಹೊಳೆದಿದೆ?

ಈ ವಿದ್ಯೆಯ ದೊಡ್ಡ ಕೇಂದ್ರ ಪುಣೆ ಜಿಲ್ಲೆಯದೇ ಆದ ಆಳಂದಿ. ಅಲ್ಲಿ ವಿಷ್ಣುಬುವಾ ಜೋಗ ಮಹಾರಾಜರು 1917ರಲ್ಲಿ ವಾರಕರಿ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ನಾಲ್ಕು ವರ್ಷಗಳ ಈ ಪಾಠಕ್ಕೆ ಶುಲ್ಕವಿಲ್ಲ. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಮಧುಕರಿ ಬೇಡಿ ಉಣ್ಣುವುದು ಅಲ್ಲಿನ ಸಂಪ್ರದಾಯ. ನಮ್ಮ ಹರಿದಾಸರ ಮಧುಕರ ವೃತ್ತಿಯನ್ನೂ, ಒಂದು ತಲೆಮಾರಿನ ಹಿಂದೆ ಕರ್ನಾಟಕದ ಬಡ ಹುಡುಗರನ್ನು ಓದಿಸಿದ ವಾರಾನ್ನವನ್ನೂ ಬಲ್ಲವರಿಗೆ ಇದು ಹೊಸದೇನಲ್ಲ. ಪಂಢರಪುರದ ವಿಠಲನು ಕರ್ನಾಟಕದವನೆಂದು ಸಂತ ಜ್ಞಾನೇಶ್ವರರೇ ತಮ್ಮ ಅಭಂಗದಲ್ಲಿ ಹಾಡಿರುವುದರಿಂದ ಈ ಹುಡುಗರು ನಮಗೆ ಹೊರಗಿನವರೂ ಅಲ್ಲ.

ಹಣ ಪಡೆಯಬಹುದೇ?

ಕೀರ್ತನ ಮಾಡಿ ಹಣ ಪಡೆಯುವವರನ್ನೂ ಕೊಡುವವರನ್ನೂ ತುಕಾರಾಮರ ಅಭಂಗಗಳು ಕಟುವಾಗಿ ಖಂಡಿಸುತ್ತವೆ. ಹೀಗಿದ್ದರೂ ಹಳ್ಳಿಗಳ ಅಖಂಡ ಹರಿನಾಮ ಸಪ್ತಾಹಗಳಲ್ಲಿ ಕೀರ್ತನಕಾರರಿಗೆ ಪ್ರಯಾಣ ವೆಚ್ಚದ ಜೊತೆ 'ಬಿದಾಗಿ' ಎಂಬ ಗೌರವಧನ ನೀಡುವ ರೂಢಿ ಬಂದಿದೆ. ಹೆಸರಾಂತ ಕೀರ್ತನಕಾರರ ಬಿದಾಗಿ ಟೀಕೆಗೂ ಗುರಿಯಾಗಿದೆ. ಆದರೆ ಭಕ್ತಿಯನ್ನು ಮಾರುವುದು ಬೇರೆ, ಏಳು ದಿನ ಹಿಂದೆ ನಿಂತು ತಾಳ ಹಾಕಿದ ವಿದ್ಯಾರ್ಥಿ ಊರಿಗೆ ಮರಳುವಾಗ ಅವನ ಮುಂದಿನ ತಿಂಗಳ ಖರ್ಚಿಗೆ ಒದಗುವುದು ಬೇರೆ. ಈ ವ್ಯತ್ಯಾಸವನ್ನು ಅರಿಯುವುದು ಅಗತ್ಯ.

ಈ ವಿಷಯದಲ್ಲಿ ಕನ್ನಡ ನಾಡಿನಲ್ಲೇ ಉಜ್ವಲ ಮಾದರಿಯಿದೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಸ್ಥಾಪಿಸಿದ ಶಿವಯೋಗ ಮಂದಿರದ ಆಸರೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು, ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುತ್ತ ಸಂಗೀತ ಪಾಠಶಾಲೆ ನಡೆಸಿದರು. ಅದೇ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅನ್ನದಾಸೋಹ, ವಸತಿ, ವಿದ್ಯೆಗಳ ವೆಚ್ಚಕ್ಕೆ ಅವರು ನಾಟಕ ಸಂಘವನ್ನೂ ಕಟ್ಟಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಆಡಿಸಿ, 2010ರಲ್ಲಿ ತಮ್ಮ ಕೊನೆಯುಸಿರಿನವರೆಗೂ ಆಶ್ರಮವನ್ನು ಸಲಹಿದರು. ಭಕ್ತರು ನಡೆಸಿದ ತುಲಾಭಾರದ ನಾಣ್ಯಗಳೂ ಮಕ್ಕಳ ಅನ್ನಕ್ಕೇ ಸಂದವು. ಅಲ್ಲಿ ಕಲಿತವರು ಶ್ರಾವಣ ಮಾಸದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಪುರಾಣ ಕಾರ್ಯಕ್ರಮಗಳಿಗೆ ಗವಾಯಿಗಳಾಗಿ, ತಬಲಾ ವಾದಕರಾಗಿ ಹೋಗುತ್ತಾರೆ. ಕಲಿಕೆ ಮತ್ತು ಗಳಿಕೆ ಒಂದೇ ವೇದಿಕೆಯಲ್ಲಿ ಸಾಗಿದ್ದು ಹೀಗೆ.

ಕ್ರೈಸ್ತ ಸೆಮಿನರಿಗಳಲ್ಲೂ ಇದೇ ಪ್ರಶ್ನೆಯಿದೆ. ಬಾಸೆಲ್ ಮಿಷನ್ 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಧರ್ಮೋಪದೇಶಕರ ಶಿಕ್ಷಣ ಆರಂಭಿಸಿತು. ಪುಣೆಯ ಬಿಬ್ವೇವಾಡಿಯ ಯೂನಿಯನ್ ಬಿಬ್ಲಿಕಲ್ ಸೆಮಿನರಿ 1983ರಲ್ಲಿ ಯವತಮಾಳದಿಂದ ಇಲ್ಲಿಗೆ ಬಂತು. ಇಂಥ ಕಾಲೇಜುಗಳ ವಿದ್ಯಾರ್ಥಿಗಳು ಭಾನುವಾರ ಚರ್ಚುಗಳಿಗೆ ಹೋಗಿ ಉಪದೇಶ, ಮಕ್ಕಳ ಪಾಠ, ರೋಗಿಗಳ ಭೇಟಿಯ ಅಭ್ಯಾಸ ಮಾಡುತ್ತಾರೆ. ಆ ದುಡಿಮೆಗೆ ಸಭೆಯವರು ಯೋಗ್ಯ ಭತ್ಯೆ ಕೊಟ್ಟರೆ ಬಡ ಮನೆಯ ಹುಡುಗ ಅರ್ಧಕ್ಕೆ ಓದು ಬಿಡುವ ಪ್ರಸಂಗ ಬಾರದು.

ನಮ್ಮ ಸಂಘಗಳು ಏನು ಮಾಡಬಹುದು?

ಹೊರನಾಡಿನ ಕನ್ನಡ ಸಂಘಗಳು ಭಜನೆ, ಪ್ರವಚನ, ದಾಸವಾಣಿ ಕಾರ್ಯಕ್ರಮಗಳನ್ನು ಅದ್ದೂರಿಯಾಗಿ ಆಯೋಜಿಸುತ್ತವೆ. ಹಾಲ್ ಬಾಡಿಗೆ, ಮೈಕ್, ಕ್ಯಾಟರಿಂಗ್, ಸ್ಮರಣಿಕೆ ಎಲ್ಲಕ್ಕೂ ಲೆಕ್ಕದ ಪುಸ್ತಕದಲ್ಲಿ ಸಾಲುಗಳಿರುತ್ತವೆ. ಹಾರ್ಮೋನಿಯಂ ನುಡಿಸಿದ ಹುಡುಗನ ಸಾಲು ಮಾತ್ರ ಕೆಲವೊಮ್ಮೆ ಶಾಲು, ಫಲತಾಂಬೂಲಕ್ಕೆ ಮುಗಿಯುತ್ತದೆ. 'ದೇವರ ಸೇವೆ' ಎಂಬ ಮಾತಿಗೆ ಆತ ಮರುಮಾತಾಡಲಾರ. ಆದರೆ ಶಾಲು ತೋರಿಸಿದರೆ ಮೆಸ್ಸಿನಲ್ಲಿ ಊಟ ಸಿಗುವುದಿಲ್ಲ.

ಆದ್ದರಿಂದ ಕರೆಯುವಾಗಲೇ ಪ್ರಯಾಣ ಖರ್ಚು ಮತ್ತು ಗೌರವಧನವನ್ನು ನಿಶ್ಚಯಿಸಬೇಕು. ಪರೀಕ್ಷೆಯ ದಿನಗಳಲ್ಲಿ ಕರೆಯಬಾರದು. ಹಣ ಆಶ್ರಮಕ್ಕೆ ಸಲ್ಲಬೇಕೆಂಬ ನಿಯಮವಿದ್ದರೆ ಅಲ್ಲಿಗೇ ಕಳುಹಿಸಬೇಕು, ಇಲ್ಲವಾದರೆ ಹೊರಡುವ ಮುನ್ನ ಅವನ ಕೈಗೇ ಲಕೋಟೆ ಕೊಡಬೇಕು. ಎರಡು ಸ್ಮರಣಿಕೆ ಕಡಿಮೆ ಮಾಡಿದರೂ ಆ ಹಣ ಹೊಂದಿಕೆಯಾದೀತು.

ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ ಬಜೆಟ್ ಮಂಡಿಸುವಾಗ ಪದಾಧಿಕಾರಿಗಳು ಇದಕ್ಕೆಂದೇ ಒಂದು ಬಾಬ್ತು ತೆರೆದರೆ, ಅದು ನಿಜಾರ್ಥದಲ್ಲಿ ವಿಠಲನ ಸೇವೆಯಾದೀತು.