ಬೇರಿನ ತುದಿ ಮುಟ್ಟಿತೇ?

ಹುಳುಕು ಆಳಕ್ಕಿಳಿದ ಹಲ್ಲನ್ನು ಕೀಳದೆ ಉಳಿಸಿಕೊಳ್ಳಲು ಇರುವ ದಾರಿ ‘ರೂಟ್ ಕೆನಾಲ್’ ಚಿಕಿತ್ಸೆ. ಹಲ್ಲಿನ ಒಳಗೆ ಕೆಟ್ಟುಹೋದ ತಿರುಳನ್ನು ತೆಗೆದು, ಬೇರಿನ ಸಣ್ಣ ನಾಳವನ್ನು ಶುಚಿಮಾಡಿ, ತುಂಬಿ ಮುಚ್ಚುವುದು ಇದರ ಕ್ರಮ. ಆದರೆ ಆ ನಾಳ ಎಲ್ಲಿ ಮುಗಿಯುತ್ತದೆ? ತೊಡಕಿರುವುದು ಇಲ್ಲಿಯೇ.

ಮೇಲ್ದವಡೆಯ ನಡುವಿನ ಮುಂಬಲ್ಲಿನ ಸರಾಸರಿ ಉದ್ದ ಸುಮಾರು 22.5 ಮಿಲಿಮೀಟರ್. ಆದರೆ ಎಲ್ಲರ ಹಲ್ಲೂ ಸರಾಸರಿಯಂತೆ ಇರುವುದಿಲ್ಲ. ವೈದ್ಯರು ನಾಳಕ್ಕೆ ಇಳಿಸುವ ‘ಫೈಲ್’ ಎಂಬ ಸೂಜಿಯಂಥ ಅರ ತುದಿಗೆ ಮೊದಲೇ ನಿಂತರೆ ರೋಗಾಣುಗಳು ಉಳಿದು ಮತ್ತೆ ಕೀವು ಕಟ್ಟಬಹುದು. ತುದಿ ದಾಟಿದರೆ ಬೇರಿನಾಚೆಯ ಅಂಗಾಂಶಕ್ಕೆ ಗಾಯ. ಇಲ್ಲಿ ಅರ್ಧ ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ.

ಮೊದಲು ನೆರವಿಗೆ ಬಂದದ್ದು ಎಕ್ಸ್-ರೇ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ 1899ರಲ್ಲಿ ನಾಳದೊಳಗೆ ಸೀಸದ ತಂತಿ ಇರಿಸಿ ಚಿತ್ರ ತೆಗೆದರು. ಕಿರಣಗಳ ಅಪಾಯ ಅರಿವಾಗದಿದ್ದ ಕಾಲವದು. ಕೆಲ್ಸ್ ಅದಕ್ಕೆ ತಮ್ಮ ಕೈಯನ್ನೇ ತೆರಬೇಕಾಯಿತು. ಅಲ್ಲದೆ ಎಕ್ಸ್-ರೇ ಕೊಡುವುದು ಚಪ್ಪಟೆ ನೆರಳನ್ನು. ನಾಳದ ಬಾಯಿ ಎಷ್ಟೋ ಸಲ ಬೇರಿನ ತುದಿಯಲ್ಲಿರದೆ ಪಕ್ಕಕ್ಕೆ ತೆರೆದಿರುತ್ತದೆ. ನೆರಳಿನಲ್ಲಿ ಅದು ಕಾಣದೆ ಹೋಗಬಹುದು.

ವಿದ್ಯುತ್ತಿನಿಂದ ತುದಿಯನ್ನು ಗುರುತಿಸಬಹುದೆಂಬ ಸಲಹೆಯನ್ನು 1918ರಲ್ಲೇ ಕಸ್ಟರ್ ಎಂಬವರು ಮುಂದಿಟ್ಟಿದ್ದರು. 1942ರಲ್ಲಿ ಜಪಾನಿನ ಸುಜುಕಿ ನಾಯಿಗಳ ಹಲ್ಲಿನಲ್ಲಿ ವಿದ್ಯುತ್ ಹರಿಸಿ ನೋಡಿದರು. ಅದೇ ಜಾಡಿನಲ್ಲಿ ನಡೆದ ಸುನಾದ 1962ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು: ಫೈಲ್ ಬೇರಿನ ತುದಿ ಮುಟ್ಟಿದಾಗ, ಅದಕ್ಕೂ ಬಾಯಿಯ ಒಳಪೊರೆಗೂ ನಡುವಿನ ವಿದ್ಯುತ್ ರೋಧ ಸುಮಾರು 6,500 ಓಮ್. ವಯಸ್ಸು ಎಷ್ಟೇ ಇರಲಿ, ಹಲ್ಲು ಯಾವುದೇ ಇರಲಿ, ಅಂಕಿ ಹೆಚ್ಚುಕಡಿಮೆ ಅದೇ!

ಉಪಕರಣದ ಜೋಡಣೆ ಸರಳ. ಒಂದು ತಂತಿಯ ಕೊಕ್ಕೆ ರೋಗಿಯ ತುಟಿಗೆ, ಇನ್ನೊಂದರ ಕ್ಲಿಪ್ ಫೈಲಿಗೆ. ನಡುವೆ ಹರಿಯುವ ವಿದ್ಯುತ್ ತೀರ ಅಲ್ಪ. ಆದರೆ ನಾಳದಲ್ಲಿ ರಕ್ತ, ಕೀವು, ತೊಳೆಯುವ ದ್ರಾವಣ ಇದ್ದರೆ ಮೊದಮೊದಲಿನ ಉಪಕರಣಗಳು ದಾರಿ ತಪ್ಪುತ್ತಿದ್ದವು.

ಇದಕ್ಕೊಂದು ಪರಿಹಾರವನ್ನು ಜಪಾನಿನ ಕೋಬಯಾಶಿ ಮತ್ತು ಸುದ 1994ರಲ್ಲಿ ವಿವರಿಸಿದರು. ಸೆಕೆಂಡಿಗೆ 400 ಹಾಗೂ 8,000 ಆವರ್ತನಗಳ ಎರಡು ಸಂಕೇತಗಳನ್ನು ಕಳಿಸಿ, ಎರಡಕ್ಕೂ ಒದಗುವ ತಡೆಯ ಅನುಪಾತವನ್ನು ನೋಡುವುದು ಅವರ ಉಪಾಯ. ನಾಳದ ನಡುವೆ ಎರಡೂ ಹೆಚ್ಚುಕಡಿಮೆ ಸಮ. ತುದಿಯ ಕಿರಿದಾದ ಭಾಗ ಸಮೀಪಿಸಿದಂತೆ ಅನುಪಾತ ಬದಲಾಗುತ್ತದೆ. ದ್ರವದ ಪರಿಣಾಮ ಎರಡರ ಮೇಲೂ ಒಂದೇ ಬಗೆಯಲ್ಲಿ ಆಗುವುದರಿಂದ ಅನುಪಾತ ಅಷ್ಟಾಗಿ ಕದಲದು.

ಇಷ್ಟಾದರೂ ಈ ಉಪಕರಣ ಉದ್ದವನ್ನು ಅಳೆಯುವುದಿಲ್ಲ ಎಂಬುದೇ ತಮಾಷೆ. ‘ತುದಿ ಬಂತು’ ಎಂದಷ್ಟೇ ಅದು ಹೇಳಬಲ್ಲದು. ಆಗ ಫೈಲಿನ ಮೇಲಿನ ಪುಟ್ಟ ರಬ್ಬರ್ ಬಿಲ್ಲೆಯನ್ನು ಹಲ್ಲಿನ ಅಂಚಿಗೆ ಸರಿಸಿ, ಫೈಲನ್ನು ಹೊರತೆಗೆದು, ಅಳತೆಪಟ್ಟಿಯ ಮೇಲಿಟ್ಟು ಮಿಲಿಮೀಟರ್ ಎಣಿಸುವವರು ವೈದ್ಯರೇ. ಲೋಹದ ಫಿಲ್ಲಿಂಗ್ ಫೈಲಿಗೆ ತಾಗಿದರೆ ಉಪಕರಣ ಸುಳ್ಳು ಹೇಳೀತು; ಬೇರಿನಲ್ಲಿ ತೂತಿದ್ದರೆ ಅದನ್ನೇ ತುದಿಯೆಂದು ತಿಳಿದೀತು. ಆದ್ದರಿಂದ ಎಕ್ಸ್-ರೇ ಇಂದಿಗೂ ಜೊತೆಗಿದೆ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಂಡರೆ ಸಾಕು, ಹಲ್ಲು ಉಳಿದೀತು.