ಹಿತ್ತಿಲ ಕೋಣೆಗೆ ಅಂತರಜಾಲ

ನಿಸ್ತಂತು ಪ್ರಸಾರ ಕನ್ನಡಿಗರಿಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ, ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ನಡೆಸಿದರು. ಇಂದು ಎಷ್ಟೋ ಮನೆಗಳಲ್ಲಿ ಒಂದೊಂದು ಪುಟ್ಟ ಪ್ರಸಾರ ಕೇಂದ್ರವಿದೆ. ಅದಕ್ಕೆ ವೈ-ಫೈ ರೂಟರ್ ಎಂದು ಹೆಸರು. ಆದರೆ ಅದರ ಧ್ವನಿ ಊರನ್ನು ಮುಟ್ಟುವ ಮಾತು ಹಾಗಿರಲಿ, ಎಷ್ಟೋ ಸಲ ಹಿತ್ತಿಲಿನ ಬಾವಿಕಟ್ಟೆಯನ್ನೂ ದಾಟುವುದಿಲ್ಲ. ಇದೇಕೆ ಹೀಗೆ?

ಪ್ರಶ್ನೆ ಬರಿಯ ಕುತೂಹಲದ್ದಲ್ಲ. 2020ರ ಬಳಿಕ ಕಚೇರಿಯ ಕೆಲಸವನ್ನು ಮನೆಯಿಂದಲೇ ನಿರ್ವಹಿಸುವ ಪದ್ಧತಿ ಅನೇಕ ಉದ್ಯೋಗಗಳಲ್ಲಿ ಬೇರೂರಿತು. ಮಲೆನಾಡಿನ ನಮ್ಮ ಮನೆಯ ಹಿತ್ತಿಲಿನಲ್ಲಿ, ಹಿಂದೆ ಅಡಕೆ ಮೂಟೆಗಳನ್ನು ಇರಿಸುತ್ತಿದ್ದ ಕೋಣೆಯೊಂದಕ್ಕೆ ಮೇಜು ಕುರ್ಚಿಗಳು ಬಂದವು. ಮಗಳು ಅಲ್ಲಿ ಕುಳಿತು ಬೆಂಗಳೂರಿನ ನೌಕರಿ ಮಾಡುತ್ತಾಳೆ. ಸಂಪರ್ಕ ನಿಂತರೆ ಆಕೆ ಊರು ಬಿಡಬೇಕು. ನಾವಿಬ್ಬರೇ ಮನೆಯಲ್ಲಿ ಉಳಿಯಬೇಕು. ಮನೆಗೂ ಕೋಣೆಗೂ ನಡುವೆ ಇರುವುದು ಮೂವತ್ತು ಮೀಟರ್ ದೂರ, ಎರಡು ಜಂಬಿಟ್ಟಿಗೆಯ ಗೋಡೆ, ಒಂದು ಹಲಸಿನ ಮರ, ಬಾಳೆಯ ಹಿಂಡು.

ಬಾನುಲಿಯ ಮಧ್ಯಮ ತರಂಗಗಳ ಉದ್ದ ನೂರಾರು ಮೀಟರ್. ಮನೆ, ಮರಗಳು ಅವಕ್ಕೆ ಲೆಕ್ಕಕ್ಕಿಲ್ಲ. ವೈ-ಫೈ ತರಂಗದ ಉದ್ದವಾದರೋ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನಲ್ಲಿ ಅದರ ಅರ್ಧದಷ್ಟು. ರೂಟರು ಹೊಮ್ಮಿಸುವ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಬಯಲಿನಲ್ಲಿಯೇ ದೂರ ಇಮ್ಮಡಿಯಾದರೆ ತಲುಪುವ ಶಕ್ತಿ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಉಳಿದುದರಲ್ಲಿ ಗೋಡೆ ತನ್ನ ಪಾಲನ್ನು ಕಸಿಯುತ್ತದೆ, ಎಲೆಗಳಲ್ಲಿನ ನೀರು ತನ್ನ ಪಾಲನ್ನು ಹೀರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಸಂಪರ್ಕ ಆಷಾಢದ ಮಳೆಯಲ್ಲಿ ಕೈಕೊಡುವುದಕ್ಕೆ ತೊಯ್ದ ಎಲೆಗಳೂ ಒಂದು ಕಾರಣ.

ಇದಕ್ಕಿಂತ ಮುಖ್ಯವಾದ ಭೇದವೊಂದಿದೆ. ಈಗ ನಾನು ಮಾತನಾಡುತ್ತಿದ್ದೇನೆ, ನೀವು ಕೇಳುತ್ತಿದ್ದೀರಿ. ನಿಮ್ಮ ಉತ್ತರ ನನಗೆ ತಲುಪದಿದ್ದರೂ ಪ್ರಸಾರಕ್ಕೆ ಭಂಗವಿಲ್ಲ. ಬಾನುಲಿಯದು ಭಾಷಣ, ವೈ-ಫೈಯದು ಸಂಭಾಷಣೆ. ರೂಟರು ಕಳುಹಿಸಿದ ಕಂತುಗಳಿಗೆ ಲ್ಯಾಪ್‌ಟಾಪು 'ಬಂದು ಸೇರಿತು' ಎಂದು ಮರುನುಡಿಯಬೇಕು. ಮರುನುಡಿ ಕೇಳಿಸದಿದ್ದರೆ ರೂಟರು ಅದನ್ನೇ ಮತ್ತೆ ಕಳುಹಿಸುತ್ತದೆ. ಮೊಬೈಲಿನ ಮೂಲೆಯಲ್ಲಿ ಕಾಣುವ ಗೆರೆಗಳು ಮೊಬೈಲಿಗೆ ರೂಟರಿನ ಧ್ವನಿ ಎಷ್ಟು ಕೇಳುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಮೊಬೈಲಿನ ಕ್ಷೀಣ ಧ್ವನಿ ರೂಟರಿಗೆ ಕೇಳುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಆದುದರಿಂದ ರೂಟರು ಮಾತ್ರ ಇನ್ನಷ್ಟು ಗಟ್ಟಿಯಾಗಿ ಕೂಗಿದರೆ ಪ್ರಯೋಜನ ಅಲ್ಪ. ಮಾತನಾಡುವವರಿಬ್ಬರನ್ನೂ ಹತ್ತಿರಕ್ಕೆ ತರಬೇಕು.

ಅಂಗಡಿಯವರು ಮೊದಲು ತೋರಿಸುವುದು ರಿಪೀಟರ್ ಎಂಬ ಮರುಪ್ರಸಾರಕವನ್ನು. ಅಗ್ಗವೇನೋ ಹೌದು. ಆದರೆ ಒಂದೇ ಆವರ್ತನದಲ್ಲಿ ಕೇಳಿ, ಅದರಲ್ಲಿಯೇ ಮತ್ತೆ ನುಡಿಯುವ ಉಪಕರಣದ ಕಾಲ ಎರಡು ಪಾಲಾಗಿ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಹಿತ್ತಿಲ ಕೋಣೆಯಲ್ಲಿಯೇ ಇರಿಸುವವರೂ ಉಂಟು. ತನಗೇ ಕೇಳದುದನ್ನು ಅದು ಹೇಗೆ ಹೇಳೀತು? ಅದರ ಸ್ಥಾನ ನಡುದಾರಿಯಲ್ಲಿ, ಹಿಂದಿನ ಜಗಲಿಯಲ್ಲಿ.

ನನ್ನ ಒಲವು ತಂತಿಯ ಕಡೆಗೆ. ನಿಸ್ತಂತುವಿನ ತೊಡಕಿಗೆ ತಂತಿಯೇ ಪರಿಹಾರವೆಂದರೆ ನಗಬೇಡಿ. ಈಥರ್ನೆಟ್ ಕೇಬಲ್ಲು ನೂರು ಮೀಟರಿನವರೆಗೆ ವೇಗ ಕುಂದದಂತೆ ಮಾಹಿತಿಯನ್ನು ಒಯ್ಯಬಲ್ಲದು. ಹೆಗ್ಗಣದ ಹಲ್ಲಿಗೂ ತೋಟದ ಗುದ್ದಲಿಗೂ ಸಿಕ್ಕದಂತೆ ಅದನ್ನು ಪಿ.ವಿ.ಸಿ. ಕೊಳವೆಯೊಳಗಿಟ್ಟು ಹೂಳಬೇಕು, ವಿದ್ಯುತ್ತಿನ ತಂತಿಯಿಂದ ದೂರವಿರಿಸಬೇಕು. ಕೋಣೆಯಲ್ಲಿ ಅದರ ತುದಿಗೆ ಎರಡನೆಯ ರೂಟರನ್ನು ಜೋಡಿಸಿ, ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಕೊಡಬಹುದು. ಆದರೆ ಮನೆಗೆ ಯಜಮಾನ ಒಬ್ಬನೇ ಇರಬೇಕು: ಉಪಕರಣಗಳಿಗೆ ವಿಳಾಸ ಹಂಚುವ ಅಧಿಕಾರ ಮೊದಲನೆಯ ರೂಟರಿಗೆ ಮಾತ್ರ; ಎರಡನೆಯದರಲ್ಲಿ ಅದನ್ನು ನಿಲ್ಲಿಸತಕ್ಕದ್ದು.

ಮಲೆನಾಡಿನವರು ಇನ್ನೊಂದನ್ನು ಯೋಚಿಸಬೇಕು, ಅದು ಸಿಡಿಲು. ಎರಡು ಕಟ್ಟಡಗಳನ್ನು ಬೆಸೆಯುವ ತಾಮ್ರದ ತಂತಿ, ಹತ್ತಿರದಲ್ಲೆಲ್ಲೋ ಎರಗಿದ ಸಿಡಿಲಿನ ವಿದ್ಯುತ್ತನ್ನೂ ಒಳಗೆ ಕರೆತರಬಲ್ಲದು. ಲೋಹದ ಕವಚವಾಗಲಿ ಲೋಹದ ಎಳೆಯಾಗಲಿ ಇಲ್ಲದ ಆಪ್ಟಿಕಲ್ ಫೈಬರ್ ಕೇಬಲ್ಲಿನಲ್ಲಿ ಈ ಭಯವಿಲ್ಲ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಎರಡು ತುದಿಗಳಲ್ಲಿ ಬೆಳಕನ್ನೂ ವಿದ್ಯುತ್ಸಂಕೇತವನ್ನೂ ಪರಸ್ಪರ ಮಾರ್ಪಡಿಸುವ ಪೆಟ್ಟಿಗೆಗಳು ಬೇಕು, ಖರ್ಚು ಸ್ವಲ್ಪ ಹೆಚ್ಚು. ನಮ್ಮಲ್ಲಿ ಹೂಳಿರುವುದು ಇದನ್ನೇ.

ಅಂಗಳ ಅಗೆಯಲು ಸಾಧ್ಯವೇ ಇಲ್ಲದವರು, ಮರ ಅಡ್ಡವಿರದಿದ್ದರೆ, ಎರಡು ಸೂರುಗಳ ಕೆಳಗೆ ಎದುರುಬದುರಾಗಿ ದಿಕ್ಕು ಹಿಡಿದು ನಿಲ್ಲುವ ಆಂಟೆನಾಗಳನ್ನು ಕೂಡಿಸಬಹುದು. ಇವು ಶಕ್ತಿಯನ್ನು ಸುತ್ತಲೂ ಚೆಲ್ಲದೆ ಒಂದೇ ಕಡೆಗೆ ಹರಿಸುತ್ತವೆ. ಕೇಳುವಾಗಲೂ ಆ ಕಡೆಗೇ ಕಿವಿಗೊಡುತ್ತವೆ.

ಯಾವ ಮಾರ್ಗ ಹಿಡಿದರೂ ಎರಡು ಕಡೆಯ ಪೆಟ್ಟಿಗೆಗಳಿಗೂ ಬ್ಯಾಟರಿಯ ಆಸರೆ ಕೊಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಹಿತ್ತಿಲ ಕೋಣೆಯಲ್ಲಿ ಮಾತ್ರ ದೀಪವಿದ್ದು ಮನೆಯ ರೂಟರು ಆರಿಹೋದರೆ, ಹೂಳಿದ ತಂತಿಯಿಂದ ಏನೂ ಉಪಯೋಗವಾಗದು.