ಸೊಟ್ಟ ಹಲ್ಲಿಗೂ ಮಕ್ಕಳ ಗೊರಕೆಗೂ ಏನು ಸಂಬಂಧ?

ಸೊಟ್ಟ ಹಲ್ಲೊಂದರಿಂದಲೇ ಉಸಿರು ಕಟ್ಟುವುದಿಲ್ಲ. ಹಲವು ಮಕ್ಕಳಲ್ಲಿ ಎರಡಕ್ಕೂ ಮೂಲ ಕಿರಿದಾದ ದವಡೆ. ಅಂಗುಳವೇ ಮೂಗಿನ ಕುಳಿಯ ತಳ. ಅದು ಇಕ್ಕಟ್ಟಾಗಿ ಮೇಲಕ್ಕೆ ಬಾಗಿದರೆ ಹಲ್ಲುಗಳಿಗೂ ಜಾಗವಿಲ್ಲ, ಗಾಳಿಗೂ ಇಲ್ಲ. ಕೆಳದವಡೆ ಹಿಂದೆ ಸರಿದಿದ್ದರೆ, ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾದಾಗ ನಾಲಿಗೆ ಗಂಟಲಿಗೆ ಅಡ್ಡವಾಗುತ್ತದೆ.

ಇದರ ತಿರುವುಮುರುವೂ ನಿಜ. ಟಾನ್ಸಿಲ್, ಅಡೆನಾಯ್ಡ್ ಊದಿದರೆ ಅಥವಾ ಅಲರ್ಜಿಯಿಂದ ಮೂಗು ಕಟ್ಟಿದರೆ ಮಗು ಬಾಯಿಂದ ಉಸಿರಾಡುತ್ತದೆ. ಆಗ ನಾಲಿಗೆ ಕೆಳಗೇ ಉಳಿದು, ಅಂಗುಳವನ್ನು ಅಗಲಿಸುವ ಅದರ ಒತ್ತು ತಪ್ಪುತ್ತದೆ; ಹಲ್ಲು ಉಬ್ಬಬಹುದು. ಮೂಗು ಕಟ್ಟಿಸುವ ಇಂಥ ಅಲರ್ಜಿಯನ್ನು ರೇಷ್ಮೆಗೂಡಿನ ದೂಳೂ ಹುಟ್ಟಿಸಬಲ್ಲದು. ರಾಮನಗರ, ಕನಕಪುರ, ಮಾಗಡಿ ಕಡೆ ರೇಷ್ಮೆ ಕೆಲಸದ ಮನೆಗಳಲ್ಲೂ, ಚನ್ನಪಟ್ಟಣದಲ್ಲಿ ಮರದ ಪುಡಿ ಹಾರುವ ಬೊಂಬೆ ಕೆಲಸದ ಮನೆಗಳಲ್ಲೂ ಮಗುವಿನ ಮೂಗು ಸದಾ ಕಟ್ಟಿದ್ದರೆ ವೈದ್ಯರಿಗೆ ಮನೆಯ ಕೆಲಸದ ವಿಷಯ ಹೇಳಲೇಬೇಕು.

ವಾರದಲ್ಲಿ 3 ಅಥವಾ ಹೆಚ್ಚು ರಾತ್ರಿ ಗೊರಕೆ, ನಡುವೆ ಉಸಿರು ನಿಂತು ಬೆಚ್ಚುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಹಾಸಿಗೆ ಒದ್ದೆ, ಹಗಲು ಚಡಪಡಿಕೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಲಕ್ಷಣಗಳು. ಶಾಲೆಯಲ್ಲಿ ಇಂಥ ಮಗುವಿಗೆ ತುಂಟ ಎಂಬ ಹೆಸರು ಬೀಳುವುದು ಅನ್ಯಾಯ. ಖಚಿತಪಡಿಸುವುದು ರಾತ್ರಿಯ ನಿದ್ರಾ ಪರೀಕ್ಷೆ: ಗಂಟೆಗೆ 5ಕ್ಕಿಂತ ಕಡಿಮೆ ಸಲ ಉಸಿರು ತಡೆಯುವುದು ದೊಡ್ಡವರಲ್ಲಿ ಸಹಜವೆನಿಸಿದರೆ, ಮಕ್ಕಳಲ್ಲಿ 1ಕ್ಕಿಂತ ಹೆಚ್ಚಾದರೇ ತೊಂದರೆ.

ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು; ಊದಿದ ಗ್ರಂಥಿಗಳನ್ನು ತೆಗೆದರೆ ಬಹುಪಾಲು ಮಕ್ಕಳು ಸುಧಾರಿಸುತ್ತಾರೆ. ಅಂಗುಳ ಕಿರಿದಿದ್ದರೆ ದಂತವೈದ್ಯರು ಅದನ್ನು ಅಗಲಿಸುವ ಸಾಧನ ಕೂರಿಸುತ್ತಾರೆ. ಅಂಗುಳದ ನಡುಗೆರೆ ಬೆಸೆಯುವ ಮೊದಲೇ, ಅಂದರೆ ಹದಿಹರೆಯ ಮುಗಿಯುವುದರೊಳಗೆ ಮಾಡಿಸಿದರೆ ಇದು ಸುಲಭ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ದಂತ ವಕ್ರತೆಯ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ.